ಶಿಕ್ಷಕರ ಅರ್ಹತಾಪತ್ರ ಮತ್ತು ಬೋಧನೆಯ ಪರೀಕ್ಷೆ: ಒಂದು ವಿಮರ್ಶೆ

1

ಶಾಲೆಯಲ್ಲಿ ಪಾಠ ಹೇಳುವ ಅಧಿಕಾರವನ್ನು ಯಾರು ಕೊಡಬೇಕು, ಯಾವ ಪ್ರಮಾಣವನ್ನು ನೋಡಿ ಕೊಡಬೇಕು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಹೊಸದಲ್ಲ. ಆದರೆ 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಿಂದ ಅದಕ್ಕೆ ಹೊಸ ತೀವ್ರತೆ ಬಂದಿದೆ. ಒಂದರಿಂದ ಎಂಟನೆಯ ತರಗತಿಯವರೆಗೆ ಬೋಧಿಸುತ್ತಿರುವವರಲ್ಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿರುವವರು ಎರಡು ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದೆಂದು ಆ ತೀರ್ಪು ವಿಧಿಸಿತು. ಅದಕ್ಕಿಂತ ಕಡಿಮೆ ಅವಧಿ ಉಳಿದವರು ನಿವೃತ್ತಿಯವರೆಗೆ ಮುಂದುವರಿಯಬಹುದು. ಬಡ್ತಿಗೆ ಮಾತ್ರ ಪರೀಕ್ಷೆ ಬೇಕು. ಇಪ್ಪತ್ತು ವರ್ಷ ಪಾಠ ಹೇಳಿದವರ ಯೋಗ್ಯತೆಯನ್ನು ಒಂದು ದಿನದ ಪತ್ರಿಕೆಯು ನಿರ್ಣಯಿಸಬಲ್ಲದೇ? ಈ ಪ್ರಶ್ನೆಯನ್ನು ಕೇಳುವವರೆಲ್ಲರೂ ಪರೀಕ್ಷೆಗೆ ಅಂಜುವವರೆಂದು ತಳ್ಳಿಹಾಕುವುದು ಸರಿಯಲ್ಲ. ಪರೀಕ್ಷೆಯು ಏನನ್ನು ಅಳೆಯುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಸನ್ನಿವೇಶವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

2

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. 1854ರ ವುಡ್ ನಿರೂಪವು ಶಿಕ್ಷಕರ ತರಬೇತಿ ಶಾಲೆಗಳನ್ನು ಸ್ಥಾಪಿಸಬೇಕೆಂದು ಸೂಚಿಸಿತ್ತು. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ಇನ್ನೂ ಸ್ಪಷ್ಟವಾಗಿ, ಬೋಧನೆಯ ತತ್ತ್ವ ಮತ್ತು ಪ್ರಯೋಗ ಎರಡರಲ್ಲಿಯೂ ಪರೀಕ್ಷೆಯಿರಬೇಕು, ಪ್ರೌಢಶಾಲೆಯಲ್ಲಿ ಕಾಯಂ ಹುದ್ದೆ ಬಯಸುವವರು ಅದರಲ್ಲಿ ತೇರ್ಗಡೆಯಾಗಬೇಕು ಎಂದು ಶಿಫಾರಸು ಮಾಡಿತು. ಪ್ರತಿಯೊಂದು ತರಬೇತಿ ಕಾಲೇಜಿಗೂ ಅಭ್ಯಾಸಶಾಲೆಯೊಂದು ಹೊಂದಿಕೊಂಡಿರಬೇಕೆಂಬುದು 1904ರ ಸರ್ಕಾರಿ ನಿರ್ಣಯದ ಮಾತು. ಅರ್ಹತಾಪತ್ರವಿಲ್ಲದವರಿಗೆ ಪಾಠ ಹೇಳಲು ಅವಕಾಶವಿರಬಾರದೆಂಬ ಗುರಿಯನ್ನು 1913ರ ನಿರ್ಣಯ ಮುಂದಿಟ್ಟಿತು. ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗವು (1964–66) ತರಬೇತಿ ಸಂಸ್ಥೆಗಳು ಒಂದು ಕಡೆ ವಿಶ್ವವಿದ್ಯಾನಿಲಯದ ಜೀವನದಿಂದಲೂ ಮತ್ತೊಂದು ಕಡೆ ಶಾಲೆಗಳಿಂದಲೂ ಬೇರ್ಪಟ್ಟು ನಿಂತಿರುವುದನ್ನು ಮುಖ್ಯ ದೋಷವೆಂದು ಗುರುತಿಸಿತು.

ಇಲ್ಲಿ ನಾವು ಗಮನಿಸಬೇಕಾದುದು, ಈ ಎಲ್ಲ ಪತ್ರಗಳಲ್ಲಿ ತರಗತಿಯ ಪ್ರಯೋಗಕ್ಕೆ ದೊರೆತ ಸ್ಥಾನವನ್ನು. ಪರಕೀಯ ಸರ್ಕಾರದ ಉದ್ದೇಶಗಳನ್ನು ನಾವು ಒಪ್ಪಬೇಕಾಗಿಲ್ಲ; ಆದರೂ ಬೋಧನೆಯನ್ನು ಕಣ್ಣಾರೆ ನೋಡದೆ ಬೋಧಕನಿಗೆ ಮುದ್ರೆಯೊತ್ತಲಾಗದು ಎಂಬ ತಿಳಿವಳಿಕೆ ಅಲ್ಲಿತ್ತು.

3

ಈಗಿನ ವ್ಯವಸ್ಥೆಯನ್ನು ನೋಡುವುದಾದರೆ, 1973ರಲ್ಲಿ ಸಲಹಾ ಮಂಡಲಿಯಾಗಿ ಹುಟ್ಟಿದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ 1993ರ ಅಧಿನಿಯಮದಿಂದ ಶಾಸನದ ಬಲ ಬಂದಿತು. ಅದರ ಮಾನ್ಯತೆಯಿಲ್ಲದೆ ಯಾವ ವಿಶ್ವವಿದ್ಯಾನಿಲಯವೂ ತರಬೇತಿ ಕಾಲೇಜಿಗೆ ಸಂಯೋಜನೆ ಕೊಡುವಂತಿಲ್ಲ. ಹೀಗಾಗಿ ಶಿವಮೊಗ್ಗದ ಬಿ.ಇಡಿ. ಕಾಲೇಜೊಂದಕ್ಕೆ ಮೂವರು ಒಡೆಯರು. ಮಾನ್ಯತೆ ಪರಿಷತ್ತಿನದು; ಅದರ ದಕ್ಷಿಣ ಪ್ರಾದೇಶಿಕ ಸಮಿತಿಯ ಕಚೇರಿ ಹಿಂದೆ ಬೆಂಗಳೂರಿನಲ್ಲಿದ್ದು ಅನಂತರ ದೆಹಲಿಗೆ ಹೋಯಿತು. ಪಠ್ಯಕ್ರಮವೂ ಪದವಿಯೂ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ, 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದವು. ಸರ್ಕಾರಿ ಸೀಟುಗಳ ಹಂಚಿಕೆ, ಅರ್ಹತಾ ಪರೀಕ್ಷೆ ಮತ್ತು ನೇಮಕ ರಾಜ್ಯದ ಶಾಲಾ ಶಿಕ್ಷಣ ಇಲಾಖೆಯವು. ಈ ಕೆಲಸ ಬೆಂಗಳೂರಿನ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ನಡೆಯುತ್ತದೆ. ಪ್ರಾಥಮಿಕ ಹಂತದ ತರಬೇತಿಗೂ ಸೇವಾನಿರತರ ತರಬೇತಿಗೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಬೇರೆಯೇ ಇದೆ.

ಮೂವರಲ್ಲಿ ಪ್ರತಿಯೊಬ್ಬರೂ ಒಂದೊಂದು ಕಡತವನ್ನು ಪರಿಶೀಲಿಸುತ್ತಾರೆ. ಪರಿಷತ್ತು ನಿವೇಶನ, ಕಟ್ಟಡ, ಅಧ್ಯಾಪಕರ ಪಟ್ಟಿ, ಠೇವಣಿ ಇವುಗಳನ್ನು ನೋಡುತ್ತದೆ. ವಿಶ್ವವಿದ್ಯಾನಿಲಯ ಉತ್ತರಪತ್ರಿಕೆಯನ್ನು ನೋಡುತ್ತದೆ. ಇಲಾಖೆ ಅಂಕಪಟ್ಟಿಯನ್ನು ನೋಡುತ್ತದೆ. ಪ್ರಶಿಕ್ಷಣಾರ್ಥಿಯು ಮಕ್ಕಳ ಮುಂದೆ ನಿಂತಾಗ ಏನಾಯಿತೆಂಬುದು ಈ ಮೂರು ಕಡತಗಳಲ್ಲಿ ಯಾವುದಕ್ಕೂ ಮುಖ್ಯ ವಿಷಯವಲ್ಲ.

ಈ ಬಗೆಯ ಮೇಲ್ವಿಚಾರಣೆಯ ಫಲವೇನಾಯಿತೆಂಬುದಕ್ಕೆ ಅಧಿಕೃತ ಸಾಕ್ಷ್ಯವೇ ಇದೆ. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗದ 2012ರ ವರದಿಯನ್ನು ಆಧರಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪ್ರತ್ಯೇಕ ತರಬೇತಿ ಸಂಸ್ಥೆಗಳಿದ್ದು ಅವುಗಳಲ್ಲಿ ಬಹುಪಾಲು ಪದವಿಯನ್ನು ಬೆಲೆಗೆ ಮಾರುತ್ತಿವೆಯೆಂದು ಹೇಳಿತು. ಮಾನ್ಯತೆ ಪಡೆಯದ ಸಂಸ್ಥೆಗಳ ಮಾತಲ್ಲ ಇದು. ಕಡತಗಳೆಲ್ಲ ಸರಿಯಾಗಿದ್ದ ಸಂಸ್ಥೆಗಳ ಮಾತು.

4

ಪದವಿಯ ಮೇಲಿನ ಈ ಅಪನಂಬಿಕೆಯ ಹಿನ್ನೆಲೆಯಲ್ಲಿಯೇ ಅರ್ಹತಾ ಪರೀಕ್ಷೆಯನ್ನು ಅರ್ಥಮಾಡಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಅಧಿನಿಯಮದ 23ನೆಯ ಪ್ರಕರಣದ ಮೇರೆಗೆ ಪರಿಷತ್ತು 2010ರ ಆಗಸ್ಟ್ 23ರಂದು ಕನಿಷ್ಠ ಅರ್ಹತೆಗಳನ್ನು ಪ್ರಕಟಿಸಿತು. 2011ರ ಫೆಬ್ರವರಿಯಲ್ಲಿ ಪರೀಕ್ಷೆಯ ಮಾರ್ಗಸೂಚಿ ಬಂದಿತು. 150 ಪ್ರಶ್ನೆಗಳು, ಪ್ರಶ್ನೆಗೆ ಒಂದು ಅಂಕ, ನಾಲ್ಕು ಉತ್ತರಗಳಲ್ಲಿ ಒಂದರ ಆಯ್ಕೆ, ತೇರ್ಗಡೆಗೆ ಸಾಮಾನ್ಯವಾಗಿ ಶೇಕಡ 60. ಆರರಿಂದ ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಶಿಕ್ಷಕರಿಗೆ ವಿಷಯದ ಪಾಲು 60 ಅಂಕ. ಮೊದಲು ಏಳು ವರ್ಷವಿದ್ದ ಅರ್ಹತಾಪತ್ರದ ಅವಧಿಯನ್ನು 2021ರಲ್ಲಿ ಜೀವಾವಧಿಗೆ ವಿಸ್ತರಿಸಲಾಯಿತು.

ಇದರ ಗುಣವನ್ನು ಮೊದಲು ಹೇಳಬೇಕು. ಶಿಫಾರಸಿನ ಕೈವಾಡಕ್ಕೆ ಇಲ್ಲಿ ಎಡೆ ಕಡಿಮೆ. ಹಳ್ಳಿಯ ಅಭ್ಯರ್ಥಿಗೂ ನಗರದ ಅಭ್ಯರ್ಥಿಗೂ ಒಂದೇ ಪತ್ರಿಕೆ. ವಿಷಯಜ್ಞಾನವೇ ಇಲ್ಲದವರನ್ನು ಅದು ತಡೆಯುತ್ತದೆ. ಆದರೆ ತಡೆಯುವುದು ಬೇರೆ, ಅರ್ಹರೆಂದು ಸಾರುವುದು ಬೇರೆ.

ನಮ್ಮ ವಿಷಯದಿಂದಲೇ ಉದಾಹರಣೆ ಕೊಡಬಹುದು. ಕೆಳದಿಯ ಶಿವಪ್ಪನಾಯಕನ ಭೂಕಂದಾಯದ ವ್ಯವಸ್ಥೆಗೆ ‘ಶಿಸ್ತು’ ಎಂದು ಹೆಸರೆಂಬುದನ್ನು ನಾಲ್ಕು ಉತ್ತರಗಳ ನಡುವೆ ಗುರುತಿಸುವುದು ಒಂದು ಕೆಲಸ. ಭೂಮಿಯ ಗುಣಕ್ಕೂ ಕಂದಾಯಕ್ಕೂ ಏಕೆ ಸಂಬಂಧವಿರಬೇಕೆಂಬುದನ್ನು, ಶಿವಮೊಗ್ಗದ ಅರಮನೆಯ ವಸ್ತುಸಂಗ್ರಹಾಲಯವನ್ನು ದಾರಿಯಲ್ಲಿ ನೋಡಿಯೂ ಒಳಹೊಗದ ಎಂಟನೆಯ ತರಗತಿಯ ಮಕ್ಕಳಿಗೆ ಮನಗಾಣಿಸುವುದು ಇನ್ನೊಂದು ಕೆಲಸ. ಭದ್ರಾವತಿಯಲ್ಲಿ ಕಬ್ಬಿಣದ ತಯಾರಿಕೆ 1923ರಲ್ಲಿ ಆರಂಭವಾಯಿತೆಂದು ತಿಳಿದವರು ಒಂದು ಅಂಕ ಪಡೆಯಬಹುದು. ಆದರೆ ಆ ಊರಿನ ತರಗತಿಯಲ್ಲಿ ಕನ್ನಡದೊಡನೆ ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಅವರಲ್ಲಿ ಅನೇಕರ ಅಜ್ಜಂದಿರು ಕೆಲಸಕ್ಕಾಗಿ ಬಂದವರು. ಕಾರ್ಖಾನೆ ಅಲ್ಲಿಯೇ ಏಕೆ ಹುಟ್ಟಿತು, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ಏಕೆ ನಿಂತಿತು ಎಂದು ಆ ಮಕ್ಕಳು ಕೇಳಿದರೆ, ಮನೆಯ ದುಃಖವನ್ನೂ ಚರಿತ್ರೆಯ ಕಾರಣವನ್ನೂ ಬೆರೆಸದೆ, ಎರಡನ್ನೂ ಕಡೆಗಣಿಸದೆ ಉತ್ತರ ಹೇಳುವ ಶಕ್ತಿ ಶಿಕ್ಷಕರಿಗೆ ಬೇಕು. ಅದನ್ನು ಅಳೆಯುವ ಪ್ರಶ್ನೆಯನ್ನು ಈ ಮಾದರಿಯ ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ.

5

ಪ್ರಯೋಗದ ಪರೀಕ್ಷೆ ಬಿ.ಇಡಿ. ಪದವಿಯಲ್ಲಿಯೇ ಮುಗಿದಿರುತ್ತದೆ, ಮತ್ತೆ ಏಕೆ ಎಂದು ಕೆಲವರು ಆಕ್ಷೇಪಿಸಬಹುದು. 2014ರ ನಿಯಮಾವಳಿಯ ಪ್ರಕಾರ ಬಿ.ಇಡಿ. ಎರಡು ವರ್ಷದ್ದಾಯಿತು, 20 ವಾರಗಳ ಶಾಲಾನುಭವ, ಅದರಲ್ಲಿ ಶೇಕಡ 90ರ ಹಾಜರಿ ಕಡ್ಡಾಯವಾದುವು. ಕಾಗದದ ಮೇಲೆ ಇದು ಉತ್ತಮವಾದ ನಿಯಮ. ಆದರೆ ಈ ವಾರಗಳಿಗೆ ಅಂಕ ಕೊಡುವವರು ಮುಖ್ಯವಾಗಿ ಕಾಲೇಜಿನವರೇ. ಫಲಿತಾಂಶದ ಮೇಲೆ ಕಾಲೇಜಿನ ಪ್ರವೇಶಸಂಖ್ಯೆ ನಿಂತಿದೆ. ದಿನವೂ ಆ ಪಾಠಗಳನ್ನು ನೋಡಬಲ್ಲ ಶಾಲೆಯ ಹಿರಿಯ ಶಿಕ್ಷಕರ ಮಾತಿಗೆ ಸಲಹೆಯ ಬೆಲೆಯಿದೆಯೇ ಹೊರತು ನಿರ್ಣಯದ ಬೆಲೆಯಿಲ್ಲ. ಈ ಅಂಕಗಳನ್ನು ನಂಬಲಾಗದೆಂಬ ಕಾರಣದಿಂದಲೇ ಸರ್ಕಾರ ಇನ್ನೊಂದು ಪರೀಕ್ಷೆಯನ್ನು ತಂದಿತು. ತಂದ ಪರೀಕ್ಷೆಯಲ್ಲಿಯಾದರೋ ಪ್ರಯೋಗವೇ ಇಲ್ಲ. ಮುಂದೆ ರಾಜ್ಯದ ನೇಮಕದಲ್ಲಿಯೂ ಲಿಖಿತ ಪರೀಕ್ಷೆಯ ಮತ್ತು ಹಿಂದಿನ ವ್ಯಾಸಂಗದ ಅಂಕಗಳೇ ಗಣನೆಗೆ ಬರುತ್ತವೆ. ಹೀಗೆ ಪ್ರತಿಯೊಂದು ಹಂತವೂ ಬೋಧನೆಯ ಪರೀಕ್ಷೆ ಬೇರೆ ಹಂತದಲ್ಲಿ ನಡೆದಿದೆಯೆಂದು ಭಾವಿಸಿ ಮುಂದೆ ಸಾಗುತ್ತದೆ.

6

ಅರ್ಹತಾ ಪರೀಕ್ಷೆಯನ್ನು ರದ್ದುಮಾಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದು ಹೊಸಿಲಾಗಿ ಉಳಿಯಲಿ. ಅದರ ಮೇಲೆ ಮೂರು ಸುಧಾರಣೆಗಳು ಅವಶ್ಯವೆಂದು ತೋರುತ್ತದೆ. ಒಂದು, ಹೊಸ ಶಿಕ್ಷಕರಿಗೆ ಮೊದಲ ವರ್ಷ ತಾತ್ಕಾಲಿಕ ಅರ್ಹತಾಪತ್ರವನ್ನು ಕೊಟ್ಟು, ಡಯಟ್‌ನ ಒಬ್ಬರು, ಶಾಲೆಯ ಹಿರಿಯ ಶಿಕ್ಷಕರೊಬ್ಬರು ಪಾಠಗಳನ್ನು ನೋಡಿ ಬರೆದ ವರದಿಯ ಮೇಲೆ ಅದನ್ನು ಕಾಯಂಗೊಳಿಸುವುದು. ನೇಮಕಕ್ಕೆ ತರಗತಿಯ ಪ್ರಾತ್ಯಕ್ಷಿಕೆ ಅಥವಾ ಸಂದರ್ಶನ ಬೇಕೆಂದು 2020ರ ನೀತಿಯೂ ಹೇಳಿತ್ತು. ಎರಡು, ಸೇವೆಯಲ್ಲಿರುವ ಹಿರಿಯರಿಗೆ ಲಿಖಿತ ಪರೀಕ್ಷೆಯೊಂದನ್ನೇ ಮಾನದಂಡವಾಗಿಸದೆ, ಅವರ ಬೋಧನೆಯನ್ನು ಪರಿಶೀಲಿಸಿದ ವರದಿಗೂ ಸ್ಥಾನವಿರುವಂತೆ ಶಾಸನವನ್ನು ತಿದ್ದುವುದು. ಮೂರು, ಕಾಲೇಜುಗಳ ತನಿಖಾ ವರದಿಗಳನ್ನು ಕನ್ನಡದಲ್ಲಿ ಪ್ರಕಟಿಸುವುದು. ಶುಲ್ಕ ಕಟ್ಟುವ ಮನೆಯವರು ಓದಿ ತಿಳಿಯುವಂತಾಗಬೇಕು.

ಇದಕ್ಕೆ ಹಣವೂ ಜನವೂ ಬೇಕೆಂಬುದು ನಿಜ. ಆದರೆ ಸಾವಿರಾರು ಅಭ್ಯರ್ಥಿಗಳ ಉತ್ತರಪತ್ರಿಕೆಗಳನ್ನು ಯಂತ್ರದಿಂದ ತಿದ್ದುವುದು ಅಗ್ಗವೆಂಬ ಕಾರಣಕ್ಕೆ, ಅಳೆಯಬೇಕಾದುದನ್ನು ಬಿಟ್ಟು ಅಳೆಯಲು ಸುಲಭವಾದುದನ್ನು ಹಿಡಿಯುವುದು ಮಿತವ್ಯಯವಾಗಲಾರದು. ಅದರ ನಷ್ಟ ಮಕ್ಕಳ ಲೆಕ್ಕಕ್ಕೆ ಬೀಳುತ್ತದೆ.

ಕೊನೆಯದಾಗಿ, ಇದು ಶಾಲೆಗಳವರ ಸಮಸ್ಯೆಯೆಂದು ಕಾಲೇಜು ಅಧ್ಯಾಪಕರಾದ ನಾವು ಸುಮ್ಮನಿರುವಂತಿಲ್ಲ. ಕಾಲೇಜಿನಲ್ಲಿ ಪಾಠ ಹೇಳಲು ರಾಷ್ಟ್ರೀಯ ಅಥವಾ ರಾಜ್ಯ ಅರ್ಹತಾ ಪರೀಕ್ಷೆಯೋ ಸಂಶೋಧನ ಪದವಿಯೋ ಸಾಕು. ಅಧ್ಯಾಪನದ ತರಬೇತಿ ನಮಗೆ ಕಡ್ಡಾಯವೇ ಅಲ್ಲ. ಶಿವಮೊಗ್ಗ, ಭದ್ರಾವತಿಗಳ ಶಾಲೆಗಳಿಗೆ ಹೋಗುವ ಚರಿತ್ರೆಯ ಶಿಕ್ಷಕರು ತಮ್ಮ ವಿಷಯವನ್ನು ಕಲಿಯುವುದು ನಮ್ಮ ಬಿ.ಎ. ತರಗತಿಗಳಲ್ಲಿ. ಪದವಿ ತರಗತಿಗೂ ಶಿಕ್ಷಕರ ತರಬೇತಿಗೂ ಸಂಬಂಧ ಕಲ್ಪಿಸುವ ನಾಲ್ಕು ವರ್ಷದ ಸಂಯುಕ್ತ ವ್ಯಾಸಂಗವು 1963ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ ಆಗಲೇ ನಡೆದಿತ್ತು. 2020ರ ನೀತಿ ಅದನ್ನು ಹೊಸ ಮಾರ್ಗವೆಂಬಂತೆ ಸಾರಿತು. ಕೊಠಾರಿ ಆಯೋಗವು ಕಂಡ ಬೇರ್ಪಡಿಕೆಯನ್ನು ತೊಡೆಯಲು ನಮ್ಮ ಚರಿತ್ರೆಯ ವಿಭಾಗಗಳೂ ನೆರೆಯ ಬಿ.ಇಡಿ. ಕಾಲೇಜುಗಳೂ ಒಟ್ಟಿಗೆ ಕುಳಿತು ಎಂಟನೆಯ ತರಗತಿಯ ಒಂದು ಪಾಠವನ್ನು ಚರ್ಚಿಸುವುದಕ್ಕೆ ಯಾವ ಪರಿಷತ್ತಿನ ಮಾನ್ಯತೆಯೂ ಬೇಕಾಗಿಲ್ಲ. ಆ ಕೆಲಸವನ್ನು ಬರುವ ವರ್ಷವೇ ಆರಂಭಿಸಬಹುದು.