ತಿರುಗದ ಸ್ಕ್ರೂ ಮತ್ತು ನಮ್ಮ ಪಠ್ಯದ ಸ್ಕ್ರೂ

ಸಿಲಿಂಡರಿನ ಮೇಲೆ ಸುತ್ತಿದ ಇಳಿಜಾರು ತಲವೇ ಸ್ಕ್ರೂ. ಸರಳ ಯಂತ್ರಗಳ ಪಾಠ ಕೇಳಿದ ಯಾರಿಗೂ ಈ ವ್ಯಾಖ್ಯೆ ಹೊಸದಲ್ಲ. ಅದರ ಬೆನ್ನಿಗೇ ಸೂತ್ರ ಬರುತ್ತದೆ: ಹಿಡಿಕೆ ಸುತ್ತುವ ವೃತ್ತದ ಪರಿಧಿಯನ್ನು ಎರಡು ತ್ರೆಡ್‌ಗಳ ನಡುವಿನ ಅಂತರದಿಂದ, ಅಂದರೆ ಪಿಚ್‌ನಿಂದ, ಭಾಗಿಸಿದರೆ ಯಾಂತ್ರಿಕ ಲಾಭ ಸಿಗುತ್ತದೆ. 6 ಮಿಲಿಮೀಟರ್ ಸ್ಕ್ರೂವಿನ ಪಿಚ್ 1 ಮಿ.ಮೀ. ಹಿಡಿಕೆಯ ತ್ರಿಜ್ಯ 15 ಮಿ.ಮೀ. ಇದ್ದರೆ ಯಾಂತ್ರಿಕ ಲಾಭ ಸುಮಾರು 94. ಉತ್ತರ ಸರಿ, ಅಂಕವೂ ಪೂರ್ಣ. ಇಪ್ಪತ್ತೈದು ವರ್ಷ ನಾನೂ ಹೀಗೆಯೇ ಹೇಳಿಕೊಟ್ಟವನು. ಈ ಪಾಠದಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ನನಗೆ ತೋರಿಸಿದ್ದು ಒಂದು ಹಳೆಯ ಮೋಟಾರ್‌ಸೈಕಲ್.

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿತೀರದ ಹಳ್ಳಿಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಎರಡನೆಯ ಸಲ ನನ್ನ ಯಮಹಾ ಆರ್‌ಎಕ್ಸ್ 100 ಮೂರು ದಿನ ಕೆಸರು ನೀರಿನಲ್ಲಿ ನಿಂತಿತ್ತು. ಕೆಲ ತಿಂಗಳ ನಂತರ ಕ್ಲಚ್ ಕವರ್ ಬಿಚ್ಚಲು ಕುಳಿತೆ. ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಇಟ್ಟು ಬಲವಾಗಿ ತಿರುಗಿಸಿದೆ. ಸ್ಕ್ರೂ ಅಲುಗಲಿಲ್ಲ, ಅದರ ತಲೆಯ ಮೇಲಿನ ಪ್ಲಸ್ ಗುರುತಿನ ಕುಳಿ ಮಾತ್ರ ಸವೆದು ದುಂಡಗಾಯಿತು. ನಿಪ್ಪಾಣಿಯ ಗ್ಯಾರೇಜಿನ ಮೇಸ್ತ್ರಿ ನೋಡಿ ನಕ್ಕ: "ಸರ್, ಮೊದಲ ಒತ್ರಿ, ಆಮ್ಯಾಲ ತಿರವ್ರಿ." ಈ ಮಾತಿನಲ್ಲಿರುವ ಭೌತವಿಜ್ಞಾನ ನಮ್ಮ ಪಾಠದಲ್ಲಿಲ್ಲ.

ಘರ್ಷಣೆ ಇಲ್ಲದಿದ್ದರೆ ಸ್ಕ್ರೂ ಇಲ್ಲ

ಯಾಂತ್ರಿಕ ಲಾಭದ ಸೂತ್ರ ಘರ್ಷಣೆಯನ್ನು ಸೊನ್ನೆ ಎಂದು ಭಾವಿಸುತ್ತದೆ. ಹಾಗಿದ್ದರೆ ಏನಾಗುತ್ತದೆ, ನೋಡೋಣ. 6 ಮಿ.ಮೀ. ಸ್ಕ್ರೂವಿನ ತ್ರೆಡ್‌ನ ಇಳಿಜಾರು ಸುಮಾರು 3.4 ಡಿಗ್ರಿ. ಘರ್ಷಣಾ ಗುಣಾಂಕ 0.15 ಎಂದುಕೊಂಡರೆ, ಉಕ್ಕಿನ ಮೇಲೆ ಇಟ್ಟ ಉಕ್ಕಿನ ವಸ್ತು ಜಾರಲು ತಲವು 8.5 ಡಿಗ್ರಿ ಓರೆಯಾಗಬೇಕು. 3.4 ಡಿಗ್ರಿಗೆ ಅದು ಜಾರುವುದಿಲ್ಲ. ಆದ್ದರಿಂದಲೇ ಬಿಗಿದ ಸ್ಕ್ರೂ ಬಿಗಿದಲ್ಲೇ ಇರುತ್ತದೆ. ಘರ್ಷಣೆ ಸೊನ್ನೆಯಾದರೆ ನೀವು ಕೈ ಬಿಟ್ಟ ಕ್ಷಣವೇ ಸ್ಕ್ರೂ ತಾನಾಗಿ ತಿರುಗಿ ಹೊರಬರುತ್ತದೆ. ಪಠ್ಯ ನಷ್ಟವೆಂದು ಬದಿಗಿಡುವ ಘರ್ಷಣೆಯೇ ಸ್ಕ್ರೂವಿನ ಕಸುಬು.

ಇದೇ ಅಳತೆಗಳನ್ನಿಟ್ಟು ಲೆಕ್ಕ ಹಾಕಿದರೆ, ಬಿಗಿಯುವಾಗ ನಾವು ಕೊಡುವ ಟಾರ್ಕ್‌ನಲ್ಲಿ ಸುಮಾರು ಅರ್ಧದಷ್ಟು ಸ್ಕ್ರೂವಿನ ತಲೆಯ ಕೆಳಗಿನ ಘರ್ಷಣೆಗೆ, ಶೇಕಡ 37ರಷ್ಟು ತ್ರೆಡ್‌ನ ಘರ್ಷಣೆಗೆ ಹೋಗುತ್ತದೆ. ಸ್ಕ್ರೂವನ್ನು ಎಳೆದು ಭಾಗಗಳನ್ನು ಬಂಧಿಸಲು ಉಳಿಯುವುದು ಶೇಕಡ 13 ಮಾತ್ರ. ಬಿಚ್ಚುವಾಗ ಇಳಿಜಾರು ನಮ್ಮ ಪರವಾಗಿರುತ್ತದೆ. ಹಾಗಾಗಿ ಬಿಗಿಯಲು ಬೇಕಾದ ಟಾರ್ಕ್‌ನ ಮುಕ್ಕಾಲು ಭಾಗ ಸಾಕಾಗಬೇಕು.

ಆದರೆ ಹಳೆಯ ವಾಹನದಲ್ಲಿ ಮೂರುಪಟ್ಟು ಕೊಟ್ಟರೂ ಸಾಲದು. ಕವರ್ ಮತ್ತು ಎಂಜಿನ್ ಕೇಸ್ ಅಲ್ಯೂಮಿನಿಯಂ, ಸ್ಕ್ರೂ ಉಕ್ಕು, ನಡುವೆ ಲವಣ ಕರಗಿದ ಕೆಸರು ನೀರು. ಇದು ಒಂದು ಪುಟ್ಟ ವಿದ್ಯುತ್ ಕೋಶ. ಅಲ್ಯೂಮಿನಿಯಂ ಆನೋಡ್ ಆಗಿ ಸವೆಯುತ್ತದೆ. ಹುಟ್ಟುವ ಬಿಳಿಯ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ತ್ರೆಡ್‌ನ ಸಂದಿಯಲ್ಲಿ ಬೆಣೆಯಂತೆ ಕೂರುತ್ತದೆ. ರಸಾಯನವಿಜ್ಞಾನದ ಪಾಠ ಇಲ್ಲಿ ಭೌತವಿಜ್ಞಾನದ ಪಾಠಕ್ಕೆ ಬಂದು ಸೇರುತ್ತದೆ. ನಮ್ಮ ಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯ.

ಎರಡು ಹಿಡಿತಗಳ ಪೈಪೋಟಿ

ಸ್ಕ್ರೂ ಬಿಚ್ಚುವುದೆಂದರೆ ಎರಡು ಹಿಡಿತಗಳ ಪೈಪೋಟಿ: ಡ್ರೈವರ್ ಸ್ಕ್ರೂವನ್ನು ಹಿಡಿದಿದೆ, ಕೇಸ್ ಕೂಡ ಸ್ಕ್ರೂವನ್ನು ಹಿಡಿದಿದೆ. ಯಾವುದು ದುರ್ಬಲವೋ ಅದು ಜಾರುತ್ತದೆ. ಮೇಸ್ತ್ರಿಯ ಎಲ್ಲ ಉಪಾಯಗಳೂ ಮೊದಲನೆಯದನ್ನು ಹೆಚ್ಚಿಸಲು ಅಥವಾ ಎರಡನೆಯದನ್ನು ತಗ್ಗಿಸಲು.

ಫಿಲಿಪ್ಸ್ ಕುಳಿಯ ಗೋಡೆಗಳು ಓರೆಯಾಗಿವೆ. ತಿರುಗಿಸುವ ಬಲದ ಒಂದು ಘಟಕ ಡ್ರೈವರನ್ನು ಮೇಲಕ್ಕೆ ನೂಕುತ್ತದೆ. ಅದನ್ನು ಎದುರಿಸಲು ಮೊದಲು ಒತ್ತಬೇಕು. ಅತಿಯಾಗಿ ಬಿಗಿಯದಿರಲೆಂದು ಈ ಜಾರುವಿಕೆಯನ್ನು ಬೇಕೆಂದೇ ಮಾಡಿದ್ದು ಎಂಬ ಕಥೆಯನ್ನು ನೀವು ಓದಿರಬಹುದು. 1930ರ ದಶಕದ ಮೂಲ ಪೇಟೆಂಟ್‌ಗಳಲ್ಲಿ ಈ ಮಾತಿಲ್ಲ. 1949ರ ಸುಧಾರಿತ ವಿನ್ಯಾಸದ ಪೇಟೆಂಟ್‌ನಲ್ಲಿ ಬರುತ್ತದೆ. ಇನ್ನೊಂದು ಸಂಗತಿ: 1980ರ ದಶಕದಲ್ಲಿ ಜಪಾನೀ ಸಹಯೋಗದಿಂದ ಬಂದ 100 ಸಿ.ಸಿ. ವಾಹನಗಳ ಪ್ಲಸ್ ಸ್ಕ್ರೂಗಳು ಜಪಾನೀ ಮಾನಕದವು. ನೋಡಲು ಫಿಲಿಪ್ಸ್‌ನಂತೆಯೇ ಇದ್ದರೂ ಅಳತೆ ತುಸು ಬೇರೆ. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ನನ್ನ ತಪ್ಪು ಅಲ್ಲಿಂದಲೇ ಶುರುವಾಗಿತ್ತು.

ಇಂಪ್ಯಾಕ್ಟ್ ಡ್ರೈವರ್ ಒತ್ತುವ, ತಿರುಗಿಸುವ ಎರಡೂ ಕೆಲಸಗಳನ್ನು ಒಂದೇ ಪೆಟ್ಟಿಗೆ ಮಾಡುತ್ತದೆ. ಅರ್ಧ ಕಿಲೋ ಸುತ್ತಿಗೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಂತರೆ ಸರಾಸರಿ ಬಲ 2000 ನ್ಯೂಟನ್, ಅಂದರೆ ಎರಡು ಕ್ವಿಂಟಲ್ ತೂಕದಷ್ಟು. ಅಂಗೈಯಿಂದ ಇದು ಸಾಧ್ಯವಿಲ್ಲ. ಆವೇಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕಾಯಿಸುವ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಹೆಚ್ಚು ಎಡವುತ್ತಾರೆ. ಕಾಯಿಸಿದರೆ ಲೋಹ ಹಿಗ್ಗುತ್ತದೆ, ಆದ್ದರಿಂದ ರಂಧ್ರ ಕಿರಿದಾಗುತ್ತದೆ ಎಂದು ಬರೆಯುವವರನ್ನು ಪ್ರತಿವರ್ಷ ಕಾಣುತ್ತೇನೆ. ರಂಧ್ರವೂ ಲೋಹದ ಜೊತೆಗೇ ಹಿಗ್ಗುತ್ತದೆ. 100 ಡಿಗ್ರಿ ಏರಿದರೆ 6 ಮಿ.ಮೀ. ರಂಧ್ರ ಅಲ್ಯೂಮಿನಿಯಂನಲ್ಲಿ ಸುಮಾರು 0.014 ಮಿ.ಮೀ. ಅಗಲವಾಗುತ್ತದೆ, ಉಕ್ಕಿನ ಸ್ಕ್ರೂ 0.007 ಮಾತ್ರ ದಪ್ಪವಾಗುತ್ತದೆ. ಈ ಸಣ್ಣ ಅಂತರ ತುಕ್ಕಿನ ಬೆಸುಗೆಯನ್ನು ಬಿರುಕು ಬಿಡಿಸಲು, ಹಿಂದಿನ ರಾತ್ರಿ ಬಿಟ್ಟ ಡೀಸೆಲ್ ಆ ಬಿರುಕಿನೊಳಗೆ ಇಳಿಯಲು ಸಾಕು. ಕಾಯಿಸುವ ಮೊದಲು ಪೆಟ್ರೋಲ್ ಟ್ಯಾಂಕ್ ಮತ್ತು ಕಾರ್ಬುರೇಟರ್ ಕಳಚಿ ದೂರವಿಡಬೇಕು, ಸುರಿದ ಡೀಸೆಲ್ ಒರೆಸಬೇಕು, ಬೆಂಕಿಯ ಬದಲು ಬಿಸಿಗಾಳಿಯ ಗನ್ ಬಳಸಬೇಕು.

ಕುಳಿ ಪೂರ್ತಿ ಸವೆದಿದ್ದರೆ ಸ್ಕ್ರೂವಿನ ತಲೆಯ ಅಂಚಿಗೆ ಚಾಣವನ್ನು ಓರೆಯಾಗಿ ಇಟ್ಟು ಹೊಡೆಯುತ್ತಾರೆ. ಕುಳಿಯಲ್ಲಿ ಹಿಡಿತದ ತ್ರಿಜ್ಯ ಸುಮಾರು 2 ಮಿ.ಮೀ., ಅಂಚಿನಲ್ಲಿ 5. ಅದೇ ಬಲಕ್ಕೆ ಎರಡೂವರೆ ಪಟ್ಟು ಟಾರ್ಕ್. ಅದೂ ಸೋತರೆ ಕೊನೆಯ ಉಪಾಯ, ತಲೆಯನ್ನೇ ಡ್ರಿಲ್ ಮಾಡಿ ತೆಗೆಯುವುದು. ನನ್ನ ಸ್ಕ್ರೂವಿಗೆ ಆದದ್ದು ಇದೇ. ತಲೆ ಹೋದ ಮೇಲೆ ಕವರ್ ಕಳಚಿತು. ಉಳಿದ ದಂಡವನ್ನು ಮೇಸ್ತ್ರಿ ಇಕ್ಕಳದಲ್ಲಿ ಹಿಡಿದು ಸಲೀಸಾಗಿ ತಿರುಗಿಸಿದ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ತಲೆ ಹೋದರೆ ಅದರ ಕೆಳಗಿನ ಘರ್ಷಣೆ ಹೋಯಿತು. ಎಳೆತವೂ ಹೋದದ್ದರಿಂದ ತ್ರೆಡ್‌ಗಳನ್ನು ಒತ್ತುತ್ತಿದ್ದ ಬಲವೂ ಹೋಯಿತು. ಉಳಿದದ್ದು ತುಕ್ಕು ಮಾತ್ರ. ಅದನ್ನು ಡೀಸೆಲ್ ಮತ್ತು ಶಾಖ ಆಗಲೇ ಸಡಿಲಿಸಿದ್ದವು.

ಪಾಠ ಹೇಗಿರಬೇಕು?

ಆದರ್ಶೀಕರಣ ತಪ್ಪೆಂದು ನಾನು ಹೇಳುತ್ತಿಲ್ಲ. ಇಳಿಜಾರು ತಲದ ಕಲ್ಪನೆ ಸರಿಯಾದದ್ದು, ಮೊದಲ ಪಾಠಕ್ಕೆ ಬೇಕಾದದ್ದು. ದೋಷವಿರುವುದು ಘರ್ಷಣೆಯನ್ನು ಬಿಟ್ಟುಹೋದ ಮೇಲೆ ಅದರ ಬಳಿಗೆ ಮರಳದಿರುವುದರಲ್ಲಿ. ಕಬ್ಬು ಸಾಗಿಸುವ ಟ್ರಾಕ್ಟರ್‌ನ ಪಕ್ಕದಲ್ಲಿ ಪಾನಾ ಹಿಡಿದು ಕೂರುವ ನಮ್ಮ ಭಾಗದ ಹುಡುಗನಿಗೆ ತನ್ನ ಕೈಯ ಅನುಭವ ಒಂದು, ಪರೀಕ್ಷೆಯ ವಿಜ್ಞಾನ ಇನ್ನೊಂದು ಎನಿಸಿದರೆ ಅವನು ಕೊನೆಗೆ ಎರಡರಲ್ಲೊಂದನ್ನು ಬಿಡುತ್ತಾನೆ. ಸಾಮಾನ್ಯವಾಗಿ ಬಿಡುವುದು ವಿಜ್ಞಾನವನ್ನು.

ಶಿಕ್ಷಕ ಮಿತ್ರರೇ, ನಿಮ್ಮ ತರಗತಿಯಲ್ಲಿ ಇದನ್ನು ಮಾಡಿ ನೋಡಿ. 6 ಮಿ.ಮೀ. ಬೋಲ್ಟ್, ನಟ್, ಎರಡು ಅಲ್ಯೂಮಿನಿಯಂ ಪಟ್ಟಿ, ಒಂದು ಪಾನಾ, 10 ಕಿಲೋ ಅಳೆಯುವ ಸ್ಪ್ರಿಂಗ್ ತಕ್ಕಡಿ ಸಾಕು. ಬೋಲ್ಟ್‌ನಿಂದ 15 ಸೆಂಟಿಮೀಟರ್ ದೂರದಲ್ಲಿ ತಕ್ಕಡಿ ಕಟ್ಟಿ, ಪಾನಾಕ್ಕೆ ಲಂಬವಾಗಿ ಎಳೆದು 4 ಕಿಲೋ ತೋರುವಷ್ಟು ಬಿಗಿಯಿರಿ. ಬಿಚ್ಚುವಾಗ ಎಷ್ಟು ತೋರುತ್ತದೆ ಬರೆದುಕೊಳ್ಳಿ. 3ರ ಆಸುಪಾಸು ಬರಬೇಕು. ಮತ್ತೆ ಅಷ್ಟೇ ಬಿಗಿದು, ಉಪ್ಪುನೀರು ಹನಿಸುತ್ತ ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಅಳೆಯಿರಿ. ಎರಡು ಅಂಕಿಗಳ ವ್ಯತ್ಯಾಸಕ್ಕೆ ಕಾರಣವನ್ನು ವಿದ್ಯಾರ್ಥಿಗಳೇ ಹುಡುಕಲಿ. ಪರೀಕ್ಷೆಯಲ್ಲಿ ಯಾಂತ್ರಿಕ ಲಾಭದ ಲೆಕ್ಕದ ಜೊತೆಗೆ ಈ ಪ್ರಶ್ನೆಯನ್ನೂ ಕೇಳುವಂತಾಗಲಿ.