ವ್ಯವಸ್ಥೆಯ ಲೈಬ್ರರಿಗೆ ಜೋಡಿಸುವ ಕುಶಲತೆ

‘ಮಸ್ಕಿ’ ಎಂಬ ಹೆಸರು ಕಂಪ್ಯೂಟರಿನೊಳಗೆ ಮ, ಸ, ಹಲಂತ, ಕ, ಇಕಾರ ಎಂಬ 5 ಸಂಕೇತಗಳ ಸಾಲಾಗಿರುತ್ತದೆ. ತೆರೆಯ ಮೇಲೆ ಇಕಾರವು ಸಕಾರವನ್ನು ಸೇರಿ, ಕಕಾರವು ಒತ್ತಾಗಿ ಕೆಳಗಿಳಿಯುವಂತೆ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ, ಅಂದರೆ ಹಲವು ತಂತ್ರಾಂಶಗಳು ಬಳಸಬಲ್ಲ ಸಿದ್ಧ ಪ್ರೋಗ್ರಾಂ ಸಂಕೇತದ ಕಟ್ಟು. 2017ರ 5.3ನೆಯ ಆವೃತ್ತಿಯಿಂದ ಎಲ್ಲ ವೇದಿಕೆಗಳಲ್ಲೂ ಇದನ್ನೇ ನೆಚ್ಚಿರುವ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ, ಬೇಕಾದರೆ ಈ ಲೈಬ್ರರಿಯ ಪ್ರತಿಯೊಂದನ್ನು ತನ್ನೊಳಗೇ ಕಟ್ಟಿಕೊಳ್ಳಬಲ್ಲದು. ಆದರೆ ಸಿಂಧನೂರಿನ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹಂಚಿಕೊಳ್ಳುವಂತೆ, ಎಲ್ಲ ತಂತ್ರಾಂಶಗಳೂ ವ್ಯವಸ್ಥೆಯಲ್ಲಿ ಈಗಾಗಲೇ ಇರುವ ಒಂದೇ ಪ್ರತಿಯನ್ನು ಬಳಸಬೇಕೆಂಬುದು ಡೆಬಿಯನ್‌ನಂತಹ ಲಿನಕ್ಸ್ ವಿತರಣೆಗಳ, ಅಂದರೆ ಕಾರ್ಯಾಚರಣೆ ವ್ಯವಸ್ಥೆಯನ್ನು ತಂತ್ರಾಂಶಗಳ ಸಮೇತ ಒದಗಿಸುವ ಕಟ್ಟುಗಳ, ನಿಲುವು, ಮತ್ತು ಅದು ಸರಿಯಾದ ನಿಲುವು. ಲಿಂಗಸುಗೂರಿನ ಕಚೇರಿಯೊಂದರ ಲಿನಕ್ಸ್ ಯಂತ್ರದಲ್ಲಿ ಆ ಒಂದು ಪ್ರತಿ ಪರಿಷ್ಕೃತವಾದರೆ, ಅದನ್ನು ಹಂಚಿಕೊಂಡ ಎಲ್ಲ ತಂತ್ರಾಂಶಗಳಲ್ಲೂ ಒತ್ತಕ್ಷರದ ದೋಷವಾಗಲಿ ಸುರಕ್ಷತೆಯ ಬಿರುಕಾಗಲಿ ಒಟ್ಟಿಗೆ ಸರಿಹೋಗುತ್ತದೆ.

ಹೀಗೆ ವ್ಯವಸ್ಥೆಯ ಪ್ರತಿಗೇ ತಂತ್ರಾಂಶವನ್ನು ಜೋಡಿಸಲು ಬಿಲ್ಡ್ ವ್ಯವಸ್ಥೆಯನ್ನು, ಎಂದರೆ ಮೂಲ ಸಂಕೇತವನ್ನು ನಡೆಯಬಲ್ಲ ತಂತ್ರಾಂಶವಾಗಿಸುವ ಸೂಚನೆಗಳ ಸಮೂಹವನ್ನು, ಹದಗೊಳಿಸುವ ಕೈಚಳಕ ನಿಜಕ್ಕೂ ಮೆಚ್ಚತಕ್ಕದ್ದು. ಲೈಬ್ರರಿ ಎಲ್ಲಿದೆ, ಅದರ ಆವೃತ್ತಿ ಸಾಕಷ್ಟು ಹೊಸದೇ ಎಂಬುದನ್ನು ಪಿಕೆಜಿ-ಕಾನ್ಫಿಗ್ ಎಂಬ ಸಲಕರಣೆಯಿಂದ ವಿಚಾರಿಸಿ, ಹಳೆಯದಾಗಿದ್ದರೆ ಸ್ಪಷ್ಟ ಕಾರಣ ಹೇಳಿ ನಿಲ್ಲಿಸಿ, ವಿತರಣೆಯಲ್ಲದ ಕಡೆ ಕಟ್ಟುವವರಿಗಾಗಿ ಒಳಪ್ರತಿಯ ದಾರಿಯನ್ನೂ ಉಳಿಸುವುದು ಸಣ್ಣ ಕೆಲಸವಲ್ಲ. ಒಳಪ್ರತಿಗೆ ತಂತ್ರಾಂಶದ ಯೋಜನೆಯವರೇ ತಿದ್ದುಪಡಿ ಸೇರಿಸಿದ್ದರೆ ಕಷ್ಟ ಇಮ್ಮಡಿಸುತ್ತದೆ. ಆಗ ಉತ್ತಮ ನಿರ್ವಾಹಕರು ಆ ತಿದ್ದುಪಡಿಯನ್ನು ಲೈಬ್ರರಿಯ ಮೂಲ ಯೋಜನೆಗೇ ತಲುಪಿಸಿ, ಅದು ಅಲ್ಲಿ ಸೇರಿದ ಮೇಲೆಯೇ ಒಳಪ್ರತಿಯನ್ನು ಕೈಬಿಡುತ್ತಾರೆ.