ಯಾರೂ ನುಡಿಸದ ಧಾಟಿ

ಕಿವಿಯನ್ನು ಏಮಾರಿಸುವುದು ಸಂಗೀತಗಾರರಿಗೆ ಹೊಸ ಕಸುಬೇನಲ್ಲ. ಆದರೆ ಏಮಾರಿಸುವುದರಲ್ಲೂ ಒಂದು ಮರ್ಯಾದೆ ಇದೆ ಎಂದು ನನಗನ್ನಿಸಿದ್ದು ರಷ್ಯದ ಚೈಕಾವ್‌ಸ್ಕಿಯ ಆರನೆಯ ಸಿಂಫನಿಯನ್ನು ಕೇಳುತ್ತಾ. 'ಪಥೆಟಿಕ್' ಎಂದು ಹೆಸರಾದ ಈ ಕೃತಿಯನ್ನು 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲ ಬಾರಿಗೆ ಅವನೇ ನಿರ್ದೇಶಿಸಿದ. ಒಂಬತ್ತು ದಿನಕ್ಕೆ ತೀರಿಕೊಂಡ. ಈ ಸಾವನ್ನೇ ಹಿಡಿದುಕೊಂಡು ಕೃತಿಯನ್ನು ಹೊಗಳುವವರು ಬಹಳ. ನನಗೆ ಅದಕ್ಕಿಂತ ದೊಡ್ಡದು ಅದರ ಕೊನೆಯ ಭಾಗದ ಆರಂಭ.

ವಾದ್ಯವೃಂದದಲ್ಲಿ ಪಿಟೀಲಿನವರದು ಎರಡು ಗುಂಪು. ಇಲ್ಲಿ ನಮಗೆ ಕೇಳುವುದು ಮೆಟ್ಟಿಲಿಳಿದು ಬರುವಂಥ ಒಂದು ಅಳುವ ಧಾಟಿ. ಆದರೆ ಅದನ್ನು ಯಾವ ಗುಂಪೂ ನುಡಿಸುತ್ತಿರುವುದಿಲ್ಲ! ಧಾಟಿಯ ಒಂದು ಸ್ವರ ಇವರದು, ಮುಂದಿನದು ಅವರದು, ಅದರ ಮುಂದಿನದು ಮತ್ತೆ ಇವರದು. ಒಂದೇ ಗುಂಪನ್ನು ಬೇರೆಯಾಗಿ ಕೇಳಿದರೆ ಮೇಲಕ್ಕೂ ಕೆಳಕ್ಕೂ ನೆಗೆಯುವ ತಲೆಬುಡವಿಲ್ಲದ ಸ್ವರಗಳು. ಎತ್ತರದವನ್ನೆಲ್ಲ ಒಂದು ಎಳೆಯಾಗಿ ಕೂಡಿಸುವುದು ನಮ್ಮ ಕಿವಿ. ಮಲ್ಲಿಗೆ ಕನಕಾಂಬರ ಬೆರೆತ ಬುಟ್ಟಿಯಿಂದ ಬೆರಳು ತಾನಾಗಿ ಒಂದೇ ಬಣ್ಣ ಆರಿಸಿಕೊಂಡ ಹಾಗೆ. ಮನೋವಿಜ್ಞಾನಿ ಡಯಾನಾ ಡಾಯ್ಚ್ 1973ರಲ್ಲಿ ಹೆಡ್‌ಫೋನಿನ ಎರಡು ಬದಿಗೆ ಸ್ವರಗಳನ್ನು ಹೀಗೇ ಹಂಚಿ, ಕಿವಿಯ ಈ ಗುಣವನ್ನು ತೋರಿಸಿದರು.

ತಂಬೂರಿಯ ಸ್ವಯಂಭೂ ಗಾಂಧಾರವೂ ಇಂಥದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಆ ಗಾಂಧಾರಕ್ಕೆಂದು ತಂತಿ ಇಲ್ಲದಿದ್ದರೂ ಷಡ್ಜದ ತಂತಿಯ ಕಂಪನದೊಳಗೇ ಅದು ಉಂಟು. ಚೈಕಾವ್‌ಸ್ಕಿಯ ಧಾಟಿಯೋ, ಕೇಳುವವರಿಲ್ಲದಿದ್ದರೆ ಇಲ್ಲವೇ ಇಲ್ಲ.

ಮುಂದೆ ಇದೇ ಧಾಟಿ ಮರಳಿ ಬರುವಾಗ ಇಡಿಯಾಗಿ ಮೊದಲ ಪಿಟೀಲುಗಳಿಗೇ ಸಿಗುತ್ತದೆ. ಸ್ಪಷ್ಟ, ತುಂಬು ದನಿ. ಆದರೂ ನನ್ನ ಮನಸ್ಸು ಮೊದಲಿನದರ ಕಡೆಗೇ. ಸಾವಿನ ಮನೆಯಲ್ಲಿ ಒಬ್ಬರ ಅಳು ನಿಂತಲ್ಲಿ ಇನ್ನೊಬ್ಬರದು ಹತ್ತಿಕೊಳ್ಳುವುದನ್ನು ನೀವೂ ಕಂಡಿರುತ್ತೀರಿ. ನಮ್ಮತ್ತೆ ಹೋದಾಗ ಪೂರ್ತಿ ಅತ್ತವರು ಯಾರೂ ಇರಲಿಲ್ಲ. ಒಬ್ಬಳು ಕಾಫಿಗಿಡಲು ಎದ್ದಳು, ಒಬ್ಬಳು ಮಗುವಿಗೆ ಹಾಲು ಕೊಡಲು. ಆದರೂ ಅಳು ಮಾತ್ರ ಕಡಿಯಲಿಲ್ಲ. ದುಃಖ ಒಬ್ಬರ ಕೈಗೆ ಇಡಿಯಾಗಿ ಬಂದಾಗ ಅದು ಎಷ್ಟೇ ಸೊಗಸಾಗಿದ್ದರೂ ಸ್ವಲ್ಪ ಪ್ರದರ್ಶನವಾಗಿಬಿಡುತ್ತದೆ.

ಇನ್ನೊಂದು ಬಗೆಯ ಭ್ರಮೆಯೂ ಉಂಟು. 1964ರಲ್ಲಿ ರೋಜರ್ ಶೆಪರ್ಡ್ ರೂಪಿಸಿದ್ದು: ಹಲವು ಸ್ಥಾಯಿಗಳ ಸ್ವರಗಳು ಒಟ್ಟಿಗೆ ಏರುತ್ತವೆ, ಮೇಲಿನದು ಸದ್ದಿಲ್ಲದೆ ಕರಗುತ್ತದೆ, ಕೆಳಗೊಂದು ಮೆಲ್ಲಗೆ ಸೇರುತ್ತದೆ. ಏರುತ್ತಲೇ ಇದೆ ಅನ್ನಿಸುತ್ತದೆ, ಎಲ್ಲಿಗೂ ಮುಟ್ಟುವುದಿಲ್ಲ. 2017ರ 'ಡನ್‌ಕರ್ಕ್' ಚಿತ್ರದಲ್ಲಿ ಹಾನ್ಸ್ ಜಿಮ್ಮರ್ ಇದನ್ನು ಬಳಸಿದ್ದಾರೆ. ಆತಂಕ ಹುಟ್ಟುತ್ತದೆ, ನಿಜ. ಆದರೆ ಕೂಗದ ಕುಕ್ಕರಿನ ಮುಂದೆ ನಿಂತ ಹಾಗೆ. ನಮ್ಮ ಕಿವಿಗೆ ಅಲ್ಲಿ ಕಾಯುವುದೊಂದೇ ಕೆಲಸ.

ಚೈಕಾವ್‌ಸ್ಕಿಯ ಕಾಲದಲ್ಲಿ ಎರಡು ಪಿಟೀಲು ಗುಂಪುಗಳು ವೇದಿಕೆಯ ಎಡಬಲಕ್ಕೆ ಎದುರುಬದುರು ಕೂರುವುದು ವಾಡಿಕೆ. ಈಗ ಅನೇಕ ಕಡೆ ಪಕ್ಕಪಕ್ಕದಲ್ಲೇ ಕೂರಿಸುತ್ತಾರೆ. ಸ್ವರಗಳು ಆ ಬದಿಯಿಂದ ಈ ಬದಿಗೆ ಹಾಯುವ ನಡುಕ ಅಲ್ಲೇ ಹೋಗಿಬಿಡುತ್ತದೆ. ಧ್ವನಿಮುದ್ರಿಕೆ ಆರಿಸುವಾಗ ಹಳೆಯ ಕ್ರಮದಲ್ಲಿ ಕೂರಿಸಿ ನುಡಿಸಿದ್ದನ್ನೇ ಹುಡುಕಿಕೊಳ್ಳಿ.